ಅರ್ಧಕ್ಕೆ ನಿಂತ ಕ್ಷೌರ

ಅಣ್ಣತಮ್ಮಂದಿರ ಕ್ಷೌರದಂಗಡಿಯಲ್ಲಿ ತಮ್ಮ ಸಿಕ್ಕಿಬಿದ್ದದ್ದು ನೀಲಿ ಬಾಟಲಿಯಿಂದ. ಹೊರಗೆ ಮುಖಕ್ಕೆ ಹಚ್ಚುವ ಲೋಷನ್ನಿನ ಚೀಟಿ, ಒಳಗೆ ಎರಡು ವರ್ಷದಿಂದ ಬ್ರಾಂದಿ. ಕನ್ನಡಿಯ ಮುಂದೆ, ಎಲ್ಲರ ಕಣ್ಣೆದುರಿಗೇ ಇಟ್ಟುಕೊಂಡು ಗುಟುಕರಿಸುತ್ತಿದ್ದ ಮಹಾ ಜಾಣ, ಅಣ್ಣನ ಲೋಷನ್ನು ಒಂದು ದಿನ ಮುಗಿಯಬಹುದು ಎಂದು ಮಾತ್ರ ಯೋಚಿಸಿರಲಿಲ್ಲ. ಅಣ್ಣ ಕೈಚಾಚಿ ಆ ಬಾಟಲಿ ತೆಗೆದು, ಆಗತಾನೇ ಕ್ಷೌರ ಮಾಡಿಸಿಕೊಂಡಿದ್ದ ಹೆಡ್‌ಮಾಸ್ಟರರ ಎರಡೂ ಕೆನ್ನೆಗೆ ಧಾರಾಳವಾಗಿ ಬಳಿದ. ಮೂರು ಸಲ ಮುಖ ತೊಳೆದರೂ ವಾಸನೆ ಹೋಗದೆ ಹೆಡ್‌ಮಾಸ್ಟರರು ಅಂದು ಶಾಲೆಗೆ ರಜೆ ಹಾಕಿದರು.

ಅಣ್ಣ ಕೂಗಾಡಿದ್ದರೆ ತಮ್ಮನಿಗೆ ಸಮಾಧಾನವಿತ್ತು. ಅವನು ಕೂಗಲಿಲ್ಲ. ಇಪ್ಪತ್ತೆರಡು ವರ್ಷ ತಮ್ಮನ ಕೈಯಲ್ಲಿ ಆಡಿದ, ಅಪ್ಪನ ಕಾಲದ ಕ್ಷೌರದ ಕತ್ತಿಯನ್ನು ಎತ್ತಿ ಡ್ರಾಯರಿನಲ್ಲಿಟ್ಟು ಬೀಗ ಹಾಕಿದ.

"ಕುಡಿತ ಬಿಡೋರ ಸಂಘ ಅಂತ ಇದ್ಯಂತೆ, ಹೋಗು. ನಲವತ್ತು ದಿನ ಮುಟ್ಟಿಲ್ಲ ಅಂತ ಅಲ್ಲಿನವರೇ ಬಂದು ನನ್ನ ಮುಂದೆ ಹೇಳ್ಲಿ, ಕತ್ತಿ ಕೊಡ್ತೀನಿ. ಅಲ್ಲೀವರೆಗೆ ಕೂದಲು ಗುಡಿಸು."

ಕತ್ತಿ ಹಿಡಿದವನ ಕೈಗೆ ಪೊರಕೆ! ತಮ್ಮನಿಗೆ ಮೈಯೆಲ್ಲ ಉರಿದುಹೋಯಿತು.

ಔಷಧಿ ಅಂಗಡಿಯವನು ಕೊಟ್ಟ ವಿಳಾಸ ಹಿಡಿದು ಮಂಗಳವಾರ ಸಂಜೆ ಹೋದ. ಮೋಟರ್ ರಿಪೇರಿ ಅಂಗಡಿಯ ಮೇಲೆ, ಎರಡನೆಯ ಮಹಡಿ. ಅಲ್ಲಿ ಎರಡು ಕೋಣೆ. ಒಂದರಲ್ಲಿ ಕೈಕಟ್ಟಿ ಕೂತು, ಇಷ್ಟು ನೀಟಾಗಿ ಇಸ್ತ್ರಿ ಬಟ್ಟೆ ಹಾಕಿಕೊಂಡ ಕುಡುಕರೂ ಇರುತ್ತಾರೆಯೇ ಎಂದು ಅರ್ಧ ಗಂಟೆ ಗುರಾಯಿಸಿದ. ಕೊನೆಗೊಬ್ಬ ಹೆಂಗಸು, "ನಿಮ್ಮನೆಗೆ ನೀರು ಎಷ್ಟು ಗಂಟೆಗೆ ಬಿಡ್ತಾರೆ?" ಎಂದು ಕೇಳಿದಾಗಲೇ ಅದು ಬಾಡಿಗೆದಾರರ ಸಭೆ ಎಂದು ಗೊತ್ತಾಗಿದ್ದು.

ಪಕ್ಕದ ಕೋಣೆಯಲ್ಲಿ ಒಂಬತ್ತು ಜನ, ಹತ್ತು ಪ್ಲಾಸ್ಟಿಕ್ ಕುರ್ಚಿ. ಅವನು ಮೊದಲು ನೋಡಿದ್ದು ತಲೆಗಳನ್ನು. ಬಸ್ ಡ್ರೈವರನೊಬ್ಬನ ಕೂದಲು ಇಲಿ ಕಡಿದ ಹಾಗಿತ್ತು. ಎಲ್ಲರಿಗೂ ಹಿರಿಯರು ನಿವೃತ್ತ ಪೋಸ್ಟ್‌ಮಾಸ್ಟರ್. ಹತ್ತೊಂಬತ್ತು ವರ್ಷದಿಂದ ಮುಟ್ಟಿಲ್ಲವಂತೆ. ಉದ್ದ ಕತ್ತು. ಮಾತಾಡಿದಾಗಲೆಲ್ಲ ಗಂಟಲ ಗಡ್ಡೆ ಮೇಲೆ ಕೆಳಗೆ ಓಡಾಡುತ್ತಿತ್ತು. ಆ ಗಡ್ಡೆಯನ್ನು ಕಂಡರೇ ತಮ್ಮನಿಗೆ ಆಗಲಿಲ್ಲ.

ಅಲ್ಲಿನ ಪದ್ಧತಿ ಸರಳ. ಕುಡಿಯದೆ ಎಷ್ಟು ದಿನವಾಯಿತೆಂದು ಒಬ್ಬೊಬ್ಬರೂ ಹೇಳಬೇಕು, ಉಳಿದವರು ಚಪ್ಪಾಳೆ ತಟ್ಟಬೇಕು.

"ಮೂರು ದಿನ," ಎಂದ ಇವನು. ಮಧ್ಯಾಹ್ನ ತಾನೇ ಹಾಕಿದ್ದ.

ಒಂಬತ್ತು ಜನವೂ ಮನಸಾರೆ ತಟ್ಟಿದರು. ತನ್ನ ಸುಳ್ಳಿಗೆ ಇಷ್ಟು ಹಿಗ್ಗುವ ಪೆದ್ದರನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಅಲ್ಲಿಂದ ವಾರ ವಾರ ಲವಂಗ ಅಗಿಯುತ್ತ ಹೋಗಿ, ಹಿಂದಿನ ಲೆಕ್ಕಕ್ಕೆ ಏಳು ಸೇರಿಸಿ ಹೇಳಿ ಬಂದ.

"ಕೈ ಯಾಕೆ ನಡುಗುತ್ತೆ?" ಎಂದು ಡ್ರೈವರ್ ಒಮ್ಮೆ ಕೇಳಿದ.

"ನಿನ್ನ ಮುಖ ನೋಡಿ."

ಮೂವತ್ತೆಂಟು ಎಂದದ್ದು ಮಂಗಳವಾರ. ಗುರುವಾರ ಬೆಳಗ್ಗೆ ಪೋಸ್ಟ್‌ಮಾಸ್ಟರ್ ತಾವಾಗಿಯೇ ಅಂಗಡಿಗೆ ಬಂದರು. "ನಿಮ್ಮ ತಮ್ಮ ಗಟ್ಟಿಗ ಕಣ್ರೀ. ಇವತ್ತಿಗೆ ನಲವತ್ತು. ಒಂದು ತೊಟ್ಟೂ ಮುಟ್ಟಿಲ್ಲ, ಅದಕ್ಕೆ ನಾನು ಹೊಣೆ," ಎಂದು ಅಣ್ಣನಿಗೆ ಹೇಳಿ, ತಮ್ಮನ ಕುರ್ಚಿಯಲ್ಲೇ ಕೂತರು. "ಮೊದಲ ಕ್ಷೌರ ನಂದೇ ಆಗ್ಲಿ."

ಅಣ್ಣ ಬೀಗ ತೆಗೆದು ಕತ್ತಿ ಕೊಟ್ಟ. ಅವನ ಕಣ್ಣು ಒದ್ದೆಯಾಗಿತ್ತು. ಅದನ್ನು ನೋಡಲಾಗದೆ ತಮ್ಮ ಬ್ರಶ್ಶಿನಿಂದ ಬರಬರನೆ ನೊರೆ ಎಬ್ಬಿಸಿದ.

ಬೆಳಗಿನ ಎರಡು ಗುಟುಕಿನ ದಯೆಯಿಂದ ಕೆನ್ನೆಗಳೆರಡೂ ಸಲೀಸಾಗಿ ಮುಗಿದವು. ಕತ್ತಿನ ಹತ್ತಿರ ಬರುವಷ್ಟರಲ್ಲಿ ಕೈ ನಡುಗಲು ಶುರು ಮಾಡಿತು. ಪೋಸ್ಟ್‌ಮಾಸ್ಟರ್ ತಲೆ ಹಿಂದಕ್ಕೆ ಚೆಲ್ಲಿ, ಕಣ್ಣು ಮುಚ್ಚಿದರು. ಆರು ವಾರ ಅವನ ಹೊಟ್ಟೆ ಉರಿಸಿದ ಗಡ್ಡೆ ಈಗ ಅಲುಗದೆ ಕತ್ತಿಯ ಕೆಳಗಿತ್ತು. ಈ ಮನುಷ್ಯ ಒಂದು ಚೂರಾದರೂ ಅನುಮಾನ ಪಡಬಾರದೇ? ತಮ್ಮನಿಗೆ ಅಳು ಬರುವಷ್ಟು ಸಿಟ್ಟು ಬಂತು.

"ಕಣ್ಣು ಬಿಡ್ರೀ!" ಎಂದು ಗದರಿದ. "ನಾನು ಒಂದು ದಿನಾನೂ ಬಿಟ್ಟಿಲ್ಲ. ಈಗಲೂ ಕುಡಿದೇ ನಿಂತಿದ್ದೀನಿ. ಯಾವ ಧೈರ್ಯದ ಮೇಲೆ ನನಗೆ ಕತ್ತು ಕೊಟ್ಟಿದ್ದೀರಿ?"

ಅಣ್ಣ ಬಂದು ಕತ್ತಿ ಕಿತ್ತುಕೊಂಡ. "ಆಚೆ ನಡಿ. ಪೊರಕೇನೂ ಮುಟ್ಟಬೇಡ."

ಬೀದಿಯಲ್ಲಿ ನಿಂತು ಅವನು ಗಾಜಿನ ಮೂಲಕ ನೋಡಿದ. ಉಳಿದ ಕ್ಷೌರವನ್ನು ಅಣ್ಣ ಮುಗಿಸುತ್ತಿದ್ದ. ಹುಟ್ಟಿದಾಗಿನಿಂದ ಒಂದು ಹನಿ ಮುಟ್ಟದ ಅಣ್ಣನ ಕೈ ಸಿಟ್ಟಿಗೆ ಗಡಗಡ ನಡುಗುತ್ತಿತ್ತು. ಪೋಸ್ಟ್‌ಮಾಸ್ಟರ್ ಥಟ್ಟನೆ ಗದ್ದದ ಕೆಳಗೆ ಕೈ ಒತ್ತಿಕೊಂಡರು. ಬಿಳಿ ನೊರೆ ಕೆಂಪಾಯಿತು.

ಮುಂದಿನ ಮಂಗಳವಾರ ಅವನು ಮತ್ತೆ ಮೆಟ್ಟಿಲು ಹತ್ತಿದ. ಅವರು ಬೈಯಲಿ, ತಾನೂ ನಾಲ್ಕು ಬಿಗಿದು ಬರುತ್ತೇನೆ ಎಂದುಕೊಂಡೇ ಹೋದ. ಪೋಸ್ಟ್‌ಮಾಸ್ಟರರ ಗದ್ದದ ಕೆಳಗೆ ಬ್ಯಾಂಡೇಜ್ ಪಟ್ಟಿ. ಎಲ್ಲರ ಕಣ್ಣೂ ಅದರಿಂದ ಇವನ ಕೈಗೆ, ಕೈಯಿಂದ ಅದಕ್ಕೆ.

"ನಾಚಿಕೆ ಆಗಲ್ವೇನೋ? ಕುಡಿದು ಹೋಗಿ ಅವರ ಕತ್ತಿಗೇ ಕತ್ತಿ ಇಟ್ಟೆಯಲ್ಲೋ!" ಎಂದು ಡ್ರೈವರ್ ಎದ್ದೇ ನಿಂತ.

ಪೋಸ್ಟ್‌ಮಾಸ್ಟರ್ ಬಾಯಿ ತೆರೆಯುವ ಮೊದಲೇ ಇವನು ಹೇಳಿದ: "ಆ ಗಾಯ ನಂದಲ್ಲ. ಅದೊಂದು ಬಿಟ್ಟು ಮಿಕ್ಕಿದ್ದೆಲ್ಲ ನಂದೇ. ಮೂರು, ಹತ್ತು, ಮೂವತ್ತೆಂಟು, ಎಲ್ಲಾ ಸುಳ್ಳು."

ಪೋಸ್ಟ್‌ಮಾಸ್ಟರ್ ಡ್ರೈವರನಿಗೆ ಕೂರಲು ಸನ್ನೆ ಮಾಡಿ, ಎಲ್ಲರಿಗೂ ಕೇಳುವ ದನಿಯಲ್ಲೇ, "ಎಷ್ಟು ದಿನ?" ಎಂದರು.

"ನಿನ್ನೆ ಬೆಳಗ್ಗೆಯಿಂದ ಇಲ್ಲ. ಒಂದು. ಯಾವನಾದ್ರೂ ಚಪ್ಪಾಳೆ ತಟ್ಟಿದ್ರೆ ಎದ್ದು ಹೋಗ್ತೀನಿ."

ಯಾರೂ ತಟ್ಟಲಿಲ್ಲ. ಅವನು ಎರಡೂ ಕೈಗಳನ್ನು ತೊಡೆಗಳ ನಡುವೆ ಬಿಗಿಯಾಗಿ ಸಿಕ್ಕಿಸಿಕೊಂಡು, ಸಭೆ ಮುಗಿಯುವವರೆಗೂ ಗಂಟುಮುಖ ಹಾಕಿಕೊಂಡು ಅಲ್ಲೇ ಕೂತಿದ್ದ.