ಇಂಗಿಹೋದ ಬಸಿರು

ಪಾಂಡವಪುರದಲ್ಲಿ ಹುಟ್ಟಿ, ಊರೂರು ಸುತ್ತಿ ಸರ್ಜರಿ ಕಲಿತು, ಮತ್ತೆ ಪಾಂಡವಪುರಕ್ಕೇ ಬಂದು ಕೂತವಳು ನಾನು. ಇಲ್ಲಿ ನನ್ನ ಕೈಗೆ ಬರುವುದು ಹೆಚ್ಚಾಗಿ ಅಪೆಂಡಿಕ್ಸು, ಹರ್ನಿಯಾ, ಕಬ್ಬು ಕಡಿಯುವಾಗ ಮಚ್ಚು ತಾಗಿದ ಕಾಲು. ಅಪರೂಪದ ಕೇಸು ಬಂದರೆ ಮೈಸೂರಿನ ಸ್ನೇಹಿತರಿಗೆ ಕಳಿಸಿ ಕೈತೊಳೆದುಕೊಳ್ಳುತ್ತೇನೆ. ಒಬ್ಬಳನ್ನು ಮಾತ್ರ ಕಳಿಸಲಾಗಲಿಲ್ಲ. ಅವಳನ್ನು ನೆನೆದರೆ ಈಗಲೂ ನನಗೆ ಏನೋ ಬೇಕು ಬೇಕು ಅನಿಸುತ್ತದೆ.

ಆಕೆ ಚಿನಕುರಳಿ ಕಡೆಯವಳು, ಅರವತ್ತು ದಾಟಿದವಳು. ಗಂಡ ಕಲ್ಲು ಕ್ವಾರಿಯಲ್ಲಿ ದುಡಿದು ಸುಸ್ತಾಗಿ, ಈಗ ಎಮ್ಮೆ ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಿದ್ದವನು. ಮಕ್ಕಳಿಲ್ಲ. ಹೊಟ್ಟೆ ಉಬ್ಬರಿಸಿ, ವಾಂತಿ ನಿಲ್ಲದವಳನ್ನು ಆಟೋದಲ್ಲಿ ಮಲಗಿಸಿಕೊಂಡು ಬಂದಿದ್ದ.

ಮೊದಲು ನೋಡಿದ್ದು ನಮ್ಮ ಡ್ಯೂಟಿ ಡಾಕ್ಟರು. ಕರಾವಳಿಯವನು, ಅಚ್ಚುಕಟ್ಟಾಗಿ ಪುಸ್ತಕದ ಕನ್ನಡ ಮಾತಾಡುವವನು. ಈ ಕಡೆ ಜನ ಹಕಾರ ನುಂಗುತ್ತಾರೆ ಎಂದು ಯಾರೋ ಹೇಳಿಕೊಟ್ಟಿದ್ದರು. ಅಂದಿನಿಂದ ನುಂಗದೇ ಇದ್ದ ಕಡೆಯೂ ತಾನೇ ಒಂದು ಹಕಾರ ಸೇರಿಸಿ ಕೇಳಿಸಿಕೊಳ್ಳುತ್ತಿದ್ದ. ಎದೆ ಉರೀತದೆ ಎಂದವಳನ್ನು ಏನು ಹುರಿಯುತ್ತಿದ್ದಿರಿ ಎಂದು ಕೇಳಿದ ಪುಣ್ಯಾತ್ಮ.

"ಒಂದೇ ಒಂದು ಬಸಿರಂತೆ ಮೇಡಂ. ಅದೂ ಹಿಂಗೆ ಹೋಯ್ತಂತೆ. ಅಬಾರ್ಷನ್," ಅಂದ.

ನಾನು ಆಕೆಯ ಹೊಟ್ಟೆ ಮುಟ್ಟಿದೆ. ಹೊಕ್ಕಳ ಕೆಳಗೆ ತೆಂಗಿನಕಾಯಿಯಂಥ ಗಡ್ಡೆ, ಒತ್ತಿದರೆ ಕಲ್ಲು.

"ಇದೇನವ್ವಾ?"

"ಆ ಡಾಕುಟ್ರಿಗೆ ಏಳುದ್ನಲ್ಲವ್ವ. ನನ್ ಕೂಸು. ಒಟ್ಟೇಲೇ ಇಂಗೋಯ್ತು."

ಹಿಂಗೆ ಹೋಗುವುದಲ್ಲ, ಇಂಗಿಹೋಗುವುದು. ಕೆರೆಯ ನೀರು ಇಂಗುತ್ತದಲ್ಲ, ಹಾಗೆ. ಇಂಗಿದ್ದು ಎಲ್ಲಿಗೂ ಹೋಗಿರುವುದಿಲ್ಲ, ಒಳಗೇ ಇರುತ್ತದೆ.

ಮದುವೆಯಾದ ಹೊಸತರಲ್ಲಿ ಬಸಿರಾಗಿದ್ದಳಂತೆ. ಆರು ತಿಂಗಳು ತುಂಬಿದ ಮೇಲೆ ಒಂದು ದಿನ ಸಂಕಟ, ಜ್ವರ. ಆಮೇಲೆ ಕೂಸು ಮಿಸುಕಲಿಲ್ಲ. ಹೆರಿಗೆಯೂ ಆಗಲಿಲ್ಲ. ಸೂಲಗಿತ್ತಿ ಹೊಟ್ಟೆ ಸವರಿ ಇಂಗೋಯ್ತು ಅಂದಳು, ಊರೂ ಹೌದು ಅಂದಿತು. ಅಷ್ಟೇ.

ಮಂಡ್ಯಕ್ಕೆ ಕಳಿಸಿ ಮಾಡಿಸಿದ ಸ್ಕ್ಯಾನಿನಲ್ಲಿ ಎಲ್ಲ ಕಂಡಿತು. ಬಾಗಿದ ಬೆನ್ನುಮೂಳೆ, ಮಡಿಸಿದ ಕಾಲು, ಪುಟ್ಟ ತಲೆ. ಗರ್ಭಕೋಶದ ಹೊರಗೆ, ಕರುಳುಗಳ ನಡುವೆ ಬೆಳೆದ ಕೂಸು. ಸತ್ತ ಮೇಲೆ ಹೊರಬರಲು ದಾರಿ ಇಲ್ಲದೆ ಅಲ್ಲೇ ಉಳಿದಿದೆ. ಅದು ಕೊಳೆತು ವಿಷವಾಗದಂತೆ ತಾಯಿಯ ಮೈ ಅದರ ಸುತ್ತ ಸುಣ್ಣ ಕಟ್ಟಿದೆ. ಕಲ್ಲುಕೂಸು. ಎಷ್ಟೋ ಸರ್ಜನ್ನರು ಇಡೀ ಜೀವನದಲ್ಲಿ ಒಂದನ್ನೂ ನೋಡಿರುವುದಿಲ್ಲ.

ತೊಂದರೆ ಕೊಡದಿದ್ದರೆ ಇಂಥದನ್ನು ಮುಟ್ಟದೆ ಬಿಡುವುದೂ ಉಂಟು. ನಾನೂ ಬಿಡುತ್ತಿದ್ದೆ. ಆದರೆ ಕರುಳು ಅದಕ್ಕೆ ಅಂಟಿಕೊಂಡು ಮಡಚಿಹೋಗಿತ್ತು. ಮೂಗಿಗೆ ನಳಿಕೆ ಹಾಕಿ, ಡ್ರಿಪ್ ಏರಿಸಿ, ತಾನಾಗಿ ಬಿಟ್ಟೀತೇ ಎಂದು ಕಾದೆವು. ಬಿಡಲಿಲ್ಲ. ಆಪರೇಷನ್ ಮಾಡದಿದ್ದರೆ ಆಕೆ ಉಳಿಯುವುದಿಲ್ಲ.

ಮೈಸೂರು ಅಂದರೆ ಆಕೆ ತಲೆಯಾಡಿಸಿದಳು. "ನಿಂಗೇ ಇಷ್ಟೊತ್ತು ಏಳ್ಬೇಕಾಯ್ತು. ಅಲ್ಲಿ ಯಾರ್ಗೆ ಏಳಾನೆ?" ಆಪರೇಷನ್ ಅಂದರೆ ಇನ್ನೂ ಜೋರಾಗಿ ತಲೆಯಾಡಿಸಿದಳು. "ಇಂಗಿರೋದು ಇಂಗೇ ಇರ್ಲಿ ಬುಡವ್ವ."

ನನಗೆ ಸಿಟ್ಟು ಬಂತು. ಸಿಟ್ಟು ನನಗೆ ಬಹಳ ಬೇಗ ಬರುತ್ತದೆ. "ಸಾಯ್ತೀಯ ಕಣವ್ವ," ಅಂತ ಕೂಗಿಯೇಬಿಟ್ಟೆ. ಆಕೆ ಹೆದರಲಿಲ್ಲ. ತಿರುಗಿ ಕೇಳಿದಳು:

"ತಗದು ಏನ್ ಮಾಡೀಯೆ? ಬಕೇಟ್ಗೆ ಆಕ್ಬುಡ್ತೀರಾ?"

ನನ್ನದೂ ಒಂದು ಹೋಗಿತ್ತು, ಮೂರು ತಿಂಗಳಿಗೇ. ಇಂಗಲಿಲ್ಲ, ಹೋಯಿತು. ಬಕೇಟಿಗೇ ಹೋಯಿತು. ನಾನು ಡಾಕ್ಟರು ತಾನೇ, ಅರ್ಥ ಮಾಡಿಕೊಳ್ಳುತ್ತೇನೆ ಎಂದು ಯಾರೂ ತೋರಿಸಲಿಲ್ಲ, ನಾನೂ ಕೇಳಲಿಲ್ಲ. ಆಮೇಲೆ ಇನ್ನೊಂದು ನಿಲ್ಲಲೇ ಇಲ್ಲ.

"ಇಲ್ಲ, ನಿನ್ನ ಮಡಿಲಿಗೇ ಹಾಕ್ತೀನಿ," ಅಂದೆ.

ಆಕೆ ಹೆಬ್ಬೆಟ್ಟು ಒತ್ತಿದಳು.

ಆಪರೇಷನ್ನಿನ ದಿನ ನಮ್ಮ ಥಿಯೇಟರಿನಲ್ಲಿ ಎಂದೂ ಇಲ್ಲದ ಜನ. ಕೇಸು ಅಪರೂಪದ್ದು ಎಂಬ ಸುದ್ದಿ ನಾಗಮಂಗಲ, ಕೆ.ಆರ್. ಪೇಟೆಗೆಲ್ಲ ಹೋಗಿ, ಗುರುತಿನ ಡಾಕ್ಟರುಗಳೆಲ್ಲ ಬಂದು ನಿಂತಿದ್ದರು. ಒಬ್ಬನ ಮೊಬೈಲು ಜೇಬಿನಿಂದ ಹೊರಬರುವುದು ಕಂಡು, ಎಲ್ಲರ ಮೊಬೈಲನ್ನೂ ಹೊರಗಿಡಿಸಿದೆ. ಮಂಡ್ಯದಿಂದ ರಕ್ತ ತರಿಸಿಟ್ಟುಕೊಂಡಿದ್ದೆವು. ಇಂಥದರಲ್ಲಿ ಅವಸರ ಮಾಡುವಂತಿಲ್ಲ. ಎಳೆದರೆ ಕರುಳು ಹರಿಯುತ್ತದೆ. ಎಳೆ ಎಳೆಯಾಗಿ ಬಿಡಿಸುತ್ತ ಹೋಗಬೇಕು. ಕೊನೆಗೆ ಕರುಳು ಸಡಿಲವಾಗಿ ಬಣ್ಣ ತಿರುಗಿತು, ಕಲ್ಲುಕೂಸು ನನ್ನ ಕೈಗೆ ಬಂತು. ಕರಾವಳಿಯವನು ಮುಖ ಆಚೆ ತಿರುಗಿಸಿಕೊಂಡ.

ಪರೀಕ್ಷೆಗೆಂದು ಲ್ಯಾಬಿನವರು ಒಂದು ಚಕ್ಕೆ ತೆಗೆದುಕೊಂಡರು. ಒಂದು ಕಾಲೇಜಿನವರು ಗಾಜಿನ ಜಾಡಿಯಲ್ಲಿ ಇಡುತ್ತೇವೆ, ಮಕ್ಕಳು ನೋಡಿ ಕಲಿಯುತ್ತಾರೆ ಎಂದು ಫೋನು ಮಾಡಿದರು. ತಪ್ಪೇನಿರಲಿಲ್ಲ, ಆದರೆ ಆಗುವುದಿಲ್ಲ ಅಂದೆ.

ಆಕೆ ಎದ್ದು ಕೂರುವಂತಾದ ದಿನ ಬಿಳಿ ಬಟ್ಟೆಯಲ್ಲಿ ಸುತ್ತಿ ಮಡಿಲಿಗೆ ಹಾಕಿದೆ. ಆಕೆ ಅಳುತ್ತಾಳೆಂದುಕೊಂಡಿದ್ದೆ. ಅಳಲಿಲ್ಲ. ಬಟ್ಟೆ ಸರಿಸಿ ನೋಡಿ, ಗಾಳಿ ತಾಗದಂತೆ ಸೆರಗು ಹೊದಿಸಿದಳು. ಅತ್ತವನು ಗಂಡ.

"ಇವ್ಳು ದಿನಾ ಕೊಟ್ಗೇಲಿ ಮಾತಾಡ್ಕತಿದ್ಲು ಮೇಡಂ. ನಾನು ಎಮ್ಮೆ ಕೂಟೆ ಅನ್ಕಂಡಿದ್ದೆ," ಅಂದ.

ಹೊಲದ ಬದುವಿನ ಮೇಲೆ ಮಣ್ಣು ಮಾಡಿದರಂತೆ.

ಹೊಲಿಗೆ ಬಿಚ್ಚಿಸಿಕೊಳ್ಳಲು ಇಬ್ಬರೂ ಬಂದರು. ಗಾಯ ಚೆನ್ನಾಗಿ ಕೂಡಿತ್ತು. ಊಟ ಸೇರುತ್ತಿತ್ತು. ಡಾಕ್ಟರಾದವಳಿಗೆ ಇನ್ನೇನು ಬೇಕು, ಖುಷಿಯಲ್ಲಿದ್ದೆ. ಗಂಡ ಔಷಧಿ ತರಲು ಹೊರಗೆ ಹೋದ ಮೇಲೆ ಆಕೆ ನನ್ನ ಮುಂಗೈ ಹಿಡಿದುಕೊಂಡಳು.

"ಒಟ್ಟೆ ಅಗುರಾಗೋಯ್ತು ಕಣವ್ವ. ಈಗ ಯಾರ್ ಕೂಟೆ ಮಾತಾಡಾನೆ? ಎಲ್ಲಾನೂ ತಗದ್ಬುಟ್ಟಾ? ವಸಿನಾದ್ರೂ ಬುಟ್ಟಿದ್ದೀಯಾ?"

ಸರ್ಜನ್ನರು ಹೆಮ್ಮೆಯಿಂದ ಹೇಳಿಕೊಳ್ಳುವ ವಿಷಯವಲ್ಲ ಇದು. ಹಿಂಬದಿಯಲ್ಲಿ ಬೆರಳಗಲದ ಒಂದು ಸುಣ್ಣದ ಪದರ ದೊಡ್ಡ ರಕ್ತನಾಳಕ್ಕೆ ಕಚ್ಚಿಕೊಂಡಿತ್ತು. ಕಿತ್ತಿದ್ದರೆ ರಕ್ತ ನಿಲ್ಲಿಸಲು ನನ್ನ ಕೈಲಿ ಆಗುತ್ತಿರಲಿಲ್ಲ. ಅದಕ್ಕೇ ಹಾಗೇ ಬಿಟ್ಟು ಹೊಟ್ಟೆ ಮುಚ್ಚಿದ್ದೆ.

"ಬುಟ್ಟಿವ್ನಿ ಕಣವ್ವ," ಅಂದೆ.

"ಎಲ್ಲಿ?"

ಆಕೆಯ ಕೈ ಹಿಡಿದು ಹೊಕ್ಕಳ ಎಡಕ್ಕೆ ಇಟ್ಟೆ. ಹೊರಗಿನಿಂದ ಕೈಗೆ ಸಿಗುವಂಥದ್ದು ಅಲ್ಲಿ ಏನೂ ಇರಲಿಲ್ಲ. ಆದರೂ ಆಕೆ ಕಣ್ಣು ಮುಚ್ಚಿ, ಬೆರಳು ಅಗಲಿಸಿ, ಕೈಯನ್ನು ಅಲ್ಲೇ ಇಟ್ಟುಕೊಂಡು ಕೂತಳು. ಅವಳ ಮುಖ ನೋಡುತ್ತ ನನಗೆ ಹೊಟ್ಟೆಕಿಚ್ಚಾಯಿತು.