ಮೂವರು ಹೆಂಗಸರು, ಎರಡು ಪಾಸ್‌ಪೋರ್ಟ್

ಇದರಲ್ಲಿ ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಒಂದಂತೂ ಖಂಡಿತ ತಪ್ಪು. ನೆಲದ ಮೇಲೆ ಹರಡಿದ ಮೆಣಸಿನಕಾಯಿ, ಅದರ ಅಂಚಿಗೆ ಬಂದು ನಿಂತ ಸೈನಿಕನ ಬೂಟು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿವೆ. ಆದರೆ ಆಗ ನಾನು ಬಚ್ಚಲುಮನೆಯ ಬಾಗಿಲ ಹಿಂದೆ ನಿಂತಿದ್ದೆ. ಕೇಳಿಸಿಕೊಂಡೆನೇ ಹೊರತು ಏನನ್ನೂ ನೋಡಲಿಲ್ಲ. ಆಮೇಲೆ ಆಪಾ ಹೇಳಿದ್ದನ್ನೆಲ್ಲ ಸೇರಿಸಿ ಈ ಚಿತ್ರವನ್ನು ನಾನೇ ಕಟ್ಟಿಕೊಂಡಿರಬೇಕು.

ಆಪಾ ನನ್ನ ಅಕ್ಕ. ನಮ್ಮ ಊರು ಬ್ಯಾಡಗಿ. ಮದುವೆಯಾದ ಮೇಲೆ ಅವಳು ಗಂಡನ ಜೊತೆ ಕುವೈತಿಗೆ ಹೋದಳು. ಅಲ್ಲಿನ ಹೆಂಗಸರಿಗೆ ಬಟ್ಟೆ ಹೊಲಿಯುತ್ತಾ ಅರಬ್ಬಿ ಕಲಿತಳು. ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿ, ಕುವೈತಿನ ಶಾಲೆಯಲ್ಲಿ ಕೆಲಸ ಸಿಕ್ಕೀತೆಂದು ಹೋಗಿ ಅವಳ ಮನೆಯಲ್ಲಿದ್ದೆ. ಭಾವ ರಜೆಯ ಮೇಲೆ ಊರಿಗೆ ಬಂದಿದ್ದಾಗ ಇರಾಕಿನ ಸೈನ್ಯ ಕುವೈತನ್ನು ಹಿಡಿಯಿತು. ಮನೆಯಲ್ಲಿ ಉಳಿದವರು ನಾವಿಬ್ಬರೇ.

ಭಾರತದವರನ್ನು ಸೈನಿಕರು ಅಷ್ಟಾಗಿ ಕಾಡುತ್ತಿರಲಿಲ್ಲ. ಅವರು ಹುಡುಕುತ್ತಿದ್ದದ್ದು ಕುವೈತಿನವರನ್ನೇ. ಯಾವ ಮನೆ ಯಾರದೆಂದು ಸೈನಿಕರಿಗೆ ಗೊತ್ತಾಗಬಾರದೆಂದು ಓಣಿಯ ಜನ ಬೀದಿಯ ಹೆಸರುಗಳನ್ನು ಅಳಿಸಿದ್ದರು, ಮನೆಯ ನಂಬರುಗಳನ್ನು ಕಿತ್ತಿದ್ದರು. ಹೊಲಿಗೆ ಮಷೀನಿನ ಪೆಟ್ಟಿಗೆಯಲ್ಲಿದ್ದ ಸ್ಕ್ರೂಡ್ರೈವರ್ ತೆಗೆದುಕೊಂಡು ಹೋಗಿ ನಮ್ಮ ಕಟ್ಟಡದ ನಂಬರನ್ನು ಬಿಚ್ಚಿದವಳು ಆಪಾ. ನಮಗೇಕೆ ಈ ಉಸಾಬರಿ ಎಂದು ನಾನು ಕೇಳಿದ್ದಕ್ಕೆ, ಬಾಡಿಗೆಗೆ ಇದ್ದರೇನು, ಇದು ನಾವು ಇರುವ ಮನೆಯಲ್ಲವೇ ಎಂದಳು.

ಕೆಳಗಿನ ಮನೆಯಲ್ಲಿ ಕಟ್ಟಡದ ಮಾಲೀಕರಿದ್ದರು, ಕುವೈತಿನವರೇ. ಅವರ ಮಗ ಸೈನ್ಯದ ವಿರುದ್ಧ ಹೋರಾಡುವವರ ಜೊತೆ ಸೇರಿದ್ದ. ಒಂದು ದಿನ ಸೈನಿಕರು ಬಂದು ಮಾಲೀಕರನ್ನು ಎಳೆದೊಯ್ದರು. ಹಿಂದಿನ ಮೆಟ್ಟಿಲಿನಿಂದ ಅವರ ಮಗಳು ಬರಿಗಾಲಲ್ಲಿ ಮೇಲೆ ಓಡಿ ಬಂದಳು. ಹೆಚ್ಚುಕಡಿಮೆ ನನ್ನ ವಯಸ್ಸಿನವಳು. ಆಪಾ ಅವಳನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕಿದಳು. ನನ್ನನ್ನು ಒಂದು ಮಾತೂ ಕೇಳಲಿಲ್ಲ.

ಮನೆಯಲ್ಲಿ ನಾವು ಉರ್ದು, ಕನ್ನಡ ಎರಡನ್ನೂ ಬೆರೆಸಿ ಮಾತಾಡುವವರು. ಉರ್ದುವಿನಲ್ಲಿ ಅರಬ್ಬಿ ಪದಗಳು ಬಹಳ, ಸೈನಿಕರಿಗೆ ಏನಾದರೂ ಅರ್ಥವಾದೀತು ಎಂದು ಅಂದಿನಿಂದ ಕನ್ನಡವಷ್ಟೇ ಆಡಬೇಕೆಂದಳು ಆಪಾ. ಆ ಹುಡುಗಿಗೂ ಹೂಂ, ಒಲ್ಲೆ, ಬಾ, ಕೊಡು ಎಂದು ಕಲಿಸಿದಳು.

ಊರಿನಿಂದ ಅಮ್ಮ ಕಳಿಸಿದ್ದ ಮೆಣಸಿನಕಾಯಿಗೆ ಬೂಸು ಬರತೊಡಗಿತ್ತು. ಆಪಾ ಅದನ್ನು ಬಚ್ಚಲುಮನೆಗೆ ಹೋಗುವ ಓಣಿಯಂಥ ಜಾಗದಲ್ಲಿ ಚಾದರ ಹಾಸಿ ಹರಡಿದ್ದಳು. ನಾವಿಬ್ಬರೂ ಕೂತು ತೊಟ್ಟು ಬಿಡಿಸುತ್ತಿದ್ದೆವು. ಬ್ಯಾಡಗಿಯಲ್ಲಿ ಹೆಣ್ಣುಮಕ್ಕಳಿಗೆ ಈ ಕೆಲಸ ಕೈಗೆ ತಾನಾಗಿ ಬರುತ್ತದೆ. ಮೆಟ್ಟಿಲ ಮೇಲೆ ಬೂಟಿನ ಸದ್ದು ಕೇಳಿತು. ಆಪಾ ನನ್ನನ್ನು ಎಬ್ಬಿಸಿ ಆ ಹುಡುಗಿಯನ್ನು ನನ್ನ ಜಾಗದಲ್ಲಿ ಕೂರಿಸಿದಳು, ನನ್ನ ಓಢಣಿಯನ್ನು ಅವಳ ತಲೆಗೆ ಹೊದಿಸಿದಳು. ನನ್ನನ್ನು ಬಚ್ಚಲುಮನೆಗೆ ದಬ್ಬಿದಳು.

“ಚಿಲಕ ಹಾಕಬ್ಯಾಡ,” ಅಂದಳು. ಒಳಗಿನಿಂದ ಚಿಲಕ ಹಾಕಿದ ಬಾಗಿಲು ಕಂಡರೆ ಅವರು ಒಡೆಯದೆ ಬಿಡುವುದಿಲ್ಲ ಎಂಬುದು ಅವಳ ಲೆಕ್ಕವಾಗಿತ್ತು.

ಎಷ್ಟು ಜನರಿದ್ದೀರಿ ಎಂದು ಸೈನಿಕ ಕೇಳಿದ. ಇಬ್ಬರು, ನಾನು ಮತ್ತು ನನ್ನ ತಂಗಿ ಎಂದಳು ಆಪಾ. ಪಾಸ್‌ಪೋರ್ಟಿನ ಹಾಳೆ ತಿರುವಿದ ಸದ್ದಾಯಿತು. ನನ್ನ ಫೋಟೋವನ್ನೂ ಆ ಹುಡುಗಿಯ ಮುಖವನ್ನೂ ಅವನು ಹೋಲಿಸಿ ನೋಡುತ್ತಿದ್ದಾನೆ ಎಂದು ನನಗೆ ಗೊತ್ತಾಯಿತು. ಅಷ್ಟರಲ್ಲಿ ಹುಡುಗಿ ಬಿಕ್ಕಿದಳು.

“ಮೆಣಸಿನಕಾಯಿ ಮುಟ್ಟಿದ ಕೈ ಕಣ್ಣಿಗೆ ಹಚ್ಚತಾರೇನ? ಬ್ಯಾಡಗ್ಯಾಗ ಹುಟ್ಟಿ ಇಷ್ಟೂ ಕಲೀಲಿಲ್ಲಲ್ಲ ನೀ,” ಎಂದು ಆಪಾ ಕನ್ನಡದಲ್ಲಿ ಗದರಿಸಿದಳು.

“ಹೂಂ,” ಅಂದಳು ಹುಡುಗಿ.

ಯಾರೋ ನಕ್ಕರು. ಕಣ್ಣು ಉಬ್ಬಿ ಕೆಂಪಗಾದ ಮುಖವನ್ನು ಯಾವ ಫೋಟೋದ ಜೊತೆ ಹೋಲಿಸುವುದು? ಹುಡುಗಿ ಖಾರದ ಕೈಯಲ್ಲಿ ಕಣ್ಣುಜ್ಜಿಕೊಂಡದ್ದು ಹೊಸ ಕೈ ಮಾಡಿದ ತಪ್ಪು ಎಂದೇ ನಾನು ನಂಬಿದ್ದೇನೆ. ಹಚ್ಚಿಕೋ ಎಂದು ತಾನೇ ಹೇಳಿದ್ದೆ ಎನ್ನುತ್ತಾಳೆ ಆಪಾ ಈಗ. ಹೇಳುವಷ್ಟು ಹೊತ್ತು ಎಲ್ಲಿತ್ತು?

ಬೂಟುಗಳು ನನ್ನ ಕಡೆ ಬಂದವು. ಆಪಾ ಅರಬ್ಬಿಯಲ್ಲಿ, ಗಟ್ಟಿಯಾಗಿ, ಅದು ತಿನ್ನುವ ಪದಾರ್ಥ, ಬೂಟುಗಾಲಲ್ಲಿ ತುಳಿಯಲು ಬಿಡುವುದಿಲ್ಲ, ನೋಡಲೇಬೇಕಿದ್ದರೆ ಕಳಚಿ ಹೋಗು ಎಂದಳು. ಅವನು ನಿಂತ. ಸೀನಿದ. ನಂತರ ಬೂಟುಗಳ ಸದ್ದು ದೂರವಾಯಿತು.

ಭಾರತದವರನ್ನು ಊರಿನ ವಿಮಾನ ಹತ್ತಿಸಲು ಅಮ್ಮಾನಿಗೆ ಕರೆದೊಯ್ಯುವ ಬಸ್ಸುಗಳು ಹೊರಡತೊಡಗಿದವು. ಗೊತ್ತಿದ್ದವರೆಲ್ಲ ಹೋದರು. ಆಪಾ ಹತ್ತಲಿಲ್ಲ. ಆ ಹುಡುಗಿಯ ಚಿಕ್ಕಮ್ಮ ಬಂದು ಅವಳನ್ನು ಸೌದಿಯ ಗಡಿಯತ್ತ ಕರೆದುಕೊಂಡು ಹೋದ ಮೇಲೆಯೇ ನಾವು ಹೊರಟದ್ದು.

ಬ್ಯಾಡಗಿಗೆ ಬಂದಾಗ ಅಣ್ಣ ಸಿಟ್ಟಾಗಿದ್ದ. ಯಾರದೋ ಮಗಳ ಸಲುವಾಗಿ ಸ್ವಂತ ತಂಗಿಯನ್ನು ಸಾವಿನ ಬಾಯಿಗೆ ಒಡ್ಡಿದೆ ಎಂದ. ಆಪಾ ತಲೆ ತಗ್ಗಿಸಲಿಲ್ಲ.

“ಬಾಗಲಕ್ಕ ಬಂದಾಕಿನ್ನ ಹೊರಗ ದಬ್ಬಬೇಕಿತ್ತೇನ? ಇವತ್ತ ಬಂದ್ರೂ ಒಳಗ ಕರಕೋತೀನಿ,” ಅಂದಳು.

ನಾನು ಅವಳ ಪಕ್ಕದಲ್ಲೇ ನಿಂತಿದ್ದೆ. ಈಗಲೂ ನಾನು ಅವಳ ಕಡೆಯವಳೇ. ಇದನ್ನು ಬರೆಯಬೇಡ, ಜನ ಏನೇನೋ ಅರ್ಥ ಕಟ್ಟುತ್ತಾರೆ ಎಂದು ಅಣ್ಣ ಇತ್ತೀಚೆಗೂ ಫೋನು ಮಾಡಿದ್ದ. ಕಟ್ಟಲಿ. ಅವಳು ಮಾಡಿದ್ದು ಸರಿ. ಅವಳು ಹೆದರಿದ್ದರೆ ಒಂದು ಜೀವ ಹೋಗುತ್ತಿತ್ತು.

ಆದರೂ ಅವಳ ಆ ಲೆಕ್ಕದಲ್ಲಿ ನನಗೆ ಒಂದು ಪಾಸ್‌ಪೋರ್ಟ್ ಉಳಿದಿರಲಿಲ್ಲ. ಇಷ್ಟು ವರ್ಷ ಅದನ್ನು ನಾನು ಕೇಳಿರಲಿಲ್ಲ. ಹೋದ ಚಳಿಗಾಲದಲ್ಲಿ ನಾನಿರುವ ಹಾವೇರಿಯಿಂದ ಬಸ್ಸು ಹಿಡಿದು ರಾಣೆಬೆನ್ನೂರಿಗೆ, ಅವಳ ಮನೆಗೆ ಹೋಗಿ ಕೇಳಿದೆ. ಅವಳು ಹೊಲಿಯುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು. ಅಷ್ಟರಲ್ಲಿ ಅಳತೆ ಕೊಡಲು ಯಾರೋ ಬಂದರು, ಎದ್ದು ಹೋದಳು. ಆಮೇಲೆ ಎಷ್ಟೋ ಸಲ ಫೋನಿನಲ್ಲಿ ಮಾತಾಡಿದ್ದೇವೆ, ಅದರ ಸುದ್ದಿಯನ್ನು ಅವಳು ಎತ್ತಿಲ್ಲ. ನಾನು ಕೇಳಿದ್ದು ಇಷ್ಟೇ:

“ಆಪಾ, ಅವತ್ತ ಆಂವ ಬಚ್ಚಲ ಬಾಗಲಾ ತಗದಿದ್ರ, ನಮ್ಮಿಬ್ಬರೊಳಗ ಯಾರನ್ನ ತಂಗಿ ಅಂತಿದ್ದಿ?”