ದೊಡ್ಡವ್ವನ ಎಡಗೈ

ಮೊನ್ನೆ ಲಿಂಗಸುಗೂರಿನಲ್ಲಿ ಮೊಮ್ಮಗಳ ಕೈಯ ಪ್ಲಾಸ್ಟರ್ ಬಿಚ್ಚಿಸಲು ಹೋಗಿದ್ದೆ. ಸೈಕಲ್ಲಿನಿಂದ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದಳು. ಕಂಪೌಂಡರ್ ನೀರು ಹಚ್ಚಿ ಪ್ಲಾಸ್ಟರನ್ನು ಮೆತ್ತಗೆ ಮಾಡಿ ಕತ್ತರಿಸುತ್ತಿದ್ದಂತೆ ಒಂದು ವಾಸನೆ ಎದ್ದಿತು. ಒದ್ದೆಯಾದ ವಿಭೂತಿಯಂಥ ವಾಸನೆ, ಅದರೊಳಗೆ ಗಾಳಿ ಕಾಣದ ಚರ್ಮದ ಮುಗ್ಗಲು. ನಾನು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ಕಂಪೌಂಡರ್ ಹುಡುಗಿಯ ಬೆರಳುಗಳನ್ನು ಮುಟ್ಟಿ ಮುಟ್ಟಿ, "ಗೊತ್ತಾಗತೈತೇನವಾ?" ಎಂದು ಕೇಳಿದ. "ಕಚಗುಳಿ ಆಗಾಕತ್ತೈತ್ರೀ!" ಎಂದು ಅವಳು ಕಿಲಕಿಲ ನಕ್ಕಳು. ಎಲ್ಲರೂ ನಕ್ಕರು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ.

ಎದುರುಮನೆ ದೊಡ್ಡವ್ವ ನೆನಪಾಗಿದ್ದರು...

ನಾನು ಸಿಂಧನೂರಿಗೆ ಸೊಸೆಯಾಗಿ ಬಂದಾಗ ಕಾಲುವೆಗೆ ನೀರು ಬಂದು ಬಹಳ ದಿನವಾಗಿರಲಿಲ್ಲ. ಜೋಳ ಬಿತ್ತುತ್ತಿದ್ದ ಎರೆಹೊಲದಲ್ಲಿ ಜನ ನೆಲ್ಲು ನಾಟಿ ಮಾಡುವುದನ್ನು ಕಲಿಯುತ್ತಿದ್ದರು. ದೊಡ್ಡವ್ವನಿಗೆ ವಳಕಮದಿನ್ನಿಯಲ್ಲಿ ಹೊಲವಿತ್ತು. ಗಂಡ ತೀರಿಕೊಂಡಿದ್ದರು, ಇದ್ದವನು ಒಬ್ಬನೇ ಮಗ. ನಮಗೆ ಅವರು ನೆಂಟರೇನಲ್ಲ, ಆದರೆ ಓಣಿಗೆಲ್ಲ ದೊಡ್ಡವ್ವನೇ. ಲಿಂಗಪೂಜೆಯಾಗದೆ ಹನಿ ನೀರೂ ಮುಟ್ಟದ ಹೆಣ್ಣುಮಗಳು. ಪಡಸಾಲೆಯ ಬಾಗಿಲು ತೆರೆದಿಟ್ಟು, ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಕೂತರೆಂದರೆ ಓಣಿಯಲ್ಲಿ ಕೋಣಗಳು ಗುದ್ದಾಡಿದರೂ ಕಣ್ಣೆತ್ತುತ್ತಿರಲಿಲ್ಲ.

ನನ್ನ ಪೂಜೆಯೋ, ಲಿಂಗದ ಮೇಲೆ ಒಂದು ಕಣ್ಣು, ಒಲೆಯ ಮೇಲೆ ಇನ್ನೊಂದು. ಅವರಿಗೆ ಅದು ಕಾಣುತ್ತಿತ್ತು. "ಯಾಕಬೇ, ತುರ್ವಿಹಾಳ ಬಸ್ಸು ಬಿಟ್ಟು ಹೊಂಟೈತೇನು? ಶಿವನ್ನ ಹಂಗ ತೊಳದು ಒಗದ ಇಟ್ಟರ ಹೆಂಗ?" ಎಂದು ಅಲ್ಲಿಂದಲೇ ಕೂಗುತ್ತಿದ್ದರು. ನನ್ನ ಬಾಯಿಯೂ ಸುಮ್ಮನಿರುವುದಲ್ಲ. "ನಿಮ್ಮಂಗ ಕುಂತರ ನಮ್ಮತ್ತಿ ನನ್ನ ತೊಳದು ಒಗೀತಾರ್ರೀ ದೊಡ್ಡವ್ವ!" ಎನ್ನುತ್ತಿದ್ದೆ. ಅವರು ನಕ್ಕರೆ ಹೊಟ್ಟೆಯೆಲ್ಲ ಕುಣಿಯುತ್ತಿತ್ತು.

ಒಂದು ವರ್ಷ ಸುಗ್ಗಿಯಲ್ಲಿ ನೆಲ್ಲಿನ ಚೀಲ ಹೇರಿದ ಬಂಡಿ ದೊಡ್ಡವ್ವನ ಮನೆ ಮುಂದೆ ಬಂದು ನಿಂತಿತು. ಎತ್ತುಗಳ ಕೊರಳು ಬಿಚ್ಚುತ್ತಿದ್ದಂತೆ ಭಾರಕ್ಕೆ ಬಂಡಿ ಮುಂದಕ್ಕೆ ಬಾಗಿತು. ಕಟ್ಟೆಯ ಕಲ್ಲಿನ ಮೇಲೆ ಊರಿದ್ದ ದೊಡ್ಡವ್ವನ ಎಡಗೈ ಮೇಲೆ ನೊಗ ಬಿತ್ತು. ಅವರು ಚೀರಲಿಲ್ಲ. ನೊಗ ಎತ್ತಿದಾಗ ಕೈಯ ಆಕಾರವೇ ಉಳಿದಿರಲಿಲ್ಲ. ಮಸ್ಕಿ ಕಡೆಯಿಂದ ಎಲುಬು ಕಟ್ಟುವವನನ್ನು ಕರೆಸಿದರೆ ಅವನು ಮುಟ್ಟಿ ನೋಡಿ ಹಿಂದೆ ಸರಿದ. "ಇದು ನನ್ನ ಕೈಲಿ ಆಗಂಗಿಲ್ರೀ. ದೊಡ್ಡ ದವಾಖಾನಿಗೆ ಒಯ್ರಿ" ಎಂದ.

ದೂರದ ಊರಿನ ದವಾಖಾನೆಯಲ್ಲಿ ಅಂಗೈಯೊಳಗಿನ ಎಲುಬುಗಳಿಗೆ ತಂತಿ ಹಾಕಿ, ಬೆರಳ ತುದಿ ಮಾತ್ರ ಕಾಣುವಂತೆ ಪ್ಲಾಸ್ಟರ್ ಮಾಡಿ ಕಳಿಸಿದರು. ಅಂಗೈಯೇ ಮುಚ್ಚಿಹೋಗಿತ್ತಲ್ಲ, ಪೂಜೆ ಹೇಗೆ? ದೊಡ್ಡವ್ವ ಊಟ ಬಿಟ್ಟರು. ಮಗ ಗದರಿಸಿ ಒಂದಿಷ್ಟು ಹಾಲು ಕುಡಿಸಿದರೆ ಅದಕ್ಕೂ ಅತ್ತರು. "ನನ್ನ ಕೈಯಾಗ ಇಟ್ಟು ಮಾಡ್ರಲ್ಲ ದೊಡ್ಡವ್ವ" ಎಂದೆ ನಾನು. ಅವರು ನನ್ನನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡಿದರು. "ಲಿಂಗ ಅಂದ್ರ ಜೀವ ಐತಿ. ಜೀವ ಯಾರರ ಬಾಜೂಮನಿಯಾಗ ಇಟ್ಟು ಬರ್ತಾರೇನಬೇ?"

ಒಂದು ಮುಂಜಾನೆ ಮಜ್ಜಿಗೆ ಕೊಡಲು ಹೋದಾಗ ಬಚ್ಚಲಿನಿಂದ ಆ ವಾಸನೆ ಬಂತು. ಇಣುಕಿದರೆ ದೊಡ್ಡವ್ವ ಬಿಸಿನೀರಿನಲ್ಲಿ ಕೈ ನೆನೆಸಿ, ಪ್ಲಾಸ್ಟರನ್ನು ಪದರು ಪದರಾಗಿ ಸುಲಿಯುತ್ತಿದ್ದರು. ಬಾತ ಅಂಗೈ, ಚರ್ಮದಿಂದ ಇಣುಕುವ ತಂತಿಯ ತುದಿಗಳು... ಆ ಕೈ ಮೇಲೆಯೇ ಲಿಂಗ ಇಟ್ಟು ಪೂಜೆ ಮಾಡಿದರು. ನೋವಿಗೆ ತುಟಿ ಕಚ್ಚಿ ರಕ್ತ ಬಂದಿತ್ತು, ಮುಖದಲ್ಲಿ ಮಾತ್ರ ಹಬ್ಬ. ಆಮೇಲೆ ಸೀರೆಯ ಚೂರಿನಿಂದ ಪ್ಲಾಸ್ಟರಿನ ತುಂಡುಗಳನ್ನೇ ಸುತ್ತಿ ಕಟ್ಟಿಕೊಂಡರು. ದಿನವೂ ಬಿಚ್ಚುವುದು, ದಿನವೂ ಕಟ್ಟುವುದು.

ಎಲುಬು ಸುಮ್ಮನಿದ್ದೀತೇ? ತಂತಿ ತೆಗೆಯುವ ಹೊತ್ತಿಗೆ ಅವು ಸೊಟ್ಟಗೆ ಕೂಡಿದ್ದವು. ಅಂಗೈ ನಡುವೆ ದಿಣ್ಣೆ ಎದ್ದಿತ್ತು, ಬೆರಳು ಒಂದರ ಮೇಲೊಂದು ಏರಿದ್ದವು. ಯಾವ ಪೂಜೆಗೆಂದು ಪ್ಲಾಸ್ಟರ್ ಬಿಚ್ಚಿದ್ದರೋ ಆ ಪೂಜೆಗೇ ಕೈ ಬಾರದಾಯಿತು. ಒಂದು ದಿನ ಲಿಂಗ ಜಾರಿ ನೆಲಕ್ಕೆ ಬಿತ್ತು. ಆ ಸಣ್ಣ ಸದ್ದು ಎದುರುಮನೆಯಲ್ಲಿದ್ದ ನನಗೂ ಕೇಳಿಸಿತು.

ಮಠದ ಅಯ್ಯನವರು ಬಂದು ಸಮಾಧಾನ ಹೇಳಿದರು. "ಬಲಗೈಯಾಗ ಇಟ್ಕೋರಬೇ. ಶಿವಗ ಎಡ ಬಲ ಇಲ್ಲ."

"ಬಲಗೈಯಾಗ ಇಟ್ಕೊಂಡ್ರ ಪೂಜಿ ಯಾವ ಕೈಲೆ ಮಾಡ್ಲಿರೀ ಅಯ್ಯನೋರ? ಈ ಸೊಟ್ಟ ಕೈಲೆ ಪತ್ರಿ ಏರಸ್ಲೇನು?" ಎಂದರು ದೊಡ್ಡವ್ವ.

ಮತ್ತೆ ಆಪರೇಷನ್ ಮಾಡಿಸಿಕೊಳ್ಳುತ್ತೇನೆಂದು ಹಟ ಹಿಡಿದರು. ಈ ವಯಸ್ಸಿನಲ್ಲಿ ಯಾಕೆ ಎಂದು ಮಗ ರೇಗಿದ. ಕೊನೆಗೆ ಅವರ ಜೊತೆಗೆ ನಾನೇ ಹೋದೆ. ಡಾಕ್ಟರು ಕೈಯನ್ನು ತಿರುವಿ ತಿರುವಿ ನೋಡಿ, ಕೂಡಿದ ಎಲುಬನ್ನು ಮತ್ತೆ ಮುರಿದು ನೆಟ್ಟಗೆ ಮಾಡಬೇಕು, ನರಕ್ಕೆ ಪೆಟ್ಟಾದರೆ ಕೈ ಜೋಮು ಹಿಡಿದು ಹಾಗೇ ಉಳಿಯಬಹುದು ಎಂದರು. "ಎಡಗೈ ಅಲ್ಲೇನಮ್ಮ, ಇದರಿಂದ ಏನು ಕೆಲಸ ಮಾಡ್ಬೇಕಾಗಿದೆ ನಿಮಗೆ?"

"ಕೆಲಸಕ್ಕ ಬ್ಯಾಡ್ರೀ ಸಾಹೇಬ್ರ. ಹಿಂಗ ಚಾಚಿದ್ರ ಬಟ್ಟಲಾದ್ರ ಸಾಕು" ಎಂದರು ದೊಡ್ಡವ್ವ. ಜೋಮಿನ ಮಾತು ಅವರ ಕಿವಿಗೆ ಬಿತ್ತೋ ಇಲ್ಲವೋ... ನಾನಂತೂ ಕೇಳಿದ್ದೆ.

ಆಪರೇಷನ್ ಆಯಿತು. ಎರಡನೆಯ ಸಲ ದೊಡ್ಡವ್ವ ಪ್ಲಾಸ್ಟರ್ ಬಿಚ್ಚಲಿಲ್ಲ. ಮನೆಗೆ ಬಂದ ಮರುದಿನ ಅವರೇ ನನ್ನನ್ನು ಕರೆದರು. "ನಿನ್ನ ಕೈ ತಾ" ಎಂದರು. ತಮ್ಮ ಪ್ಲಾಸ್ಟರಿನ ಕೈ ಮೇಲೆ ನನ್ನ ಅಂಗೈ ಇಡಿಸಿ, ಅದರ ಮೇಲೆ ತಮ್ಮ ಲಿಂಗ ಇಟ್ಟರು. "ಕೆಳಗ ನಾ ಅದೀನಿ. ನಡುವ ನೀ ಅದೀ, ಅಷ್ಟ" ಎಂದರು. ಜೀವವನ್ನು ಬಾಜೂಮನೆಯಲ್ಲಿ ಇಟ್ಟಿದ್ದರಲ್ಲ! ತಣ್ಣಗಿನ ನೀರು ನನ್ನ ಬೆರಳ ಸಂದಿಯಿಂದ ಇಳಿದು ಅವರ ಪ್ಲಾಸ್ಟರನ್ನು ನೆನೆಸದಂತೆ ಬಟ್ಟೆ ಹಿಡಿದುಕೊಂಡು ಕೂರುತ್ತಿದ್ದೆ. ಒಲೆಯ ಮೇಲೆ ಹಾಲು ಉಕ್ಕಿದರೂ ಏಳುತ್ತಿರಲಿಲ್ಲ. ನಮ್ಮತ್ತೆಯೇ ಇಳಿಸಿಕೊಳ್ಳುತ್ತಿದ್ದರು.

ಪ್ಲಾಸ್ಟರ್ ಬಿಚ್ಚಿದ ದಿನ ಅಂಗೈ ಬಟ್ಟಲಿನಂತೆ ತೆರೆಯಿತು. ದೊಡ್ಡವ್ವ ಅದನ್ನು ಕೆನ್ನೆಗೆ ಒತ್ತಿಕೊಂಡು ನಕ್ಕರು. ಮನೆಗೆ ಬಂದು, ಮಿಂದು, ಲಿಂಗ ಇಟ್ಟುಕೊಂಡು ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ ಅವರ ಮುಖ ಬಿಳುಚಿಕೊಂಡಿತು. ಕಣ್ಣು ಬಿಟ್ಟು ನೋಡಿದರು. ಮತ್ತೆ ಮುಚ್ಚಿದರು. ಕಣ್ಣು ಮುಚ್ಚಿಯೇ ಕೇಳಿದರು.

"ಐತೇನಬೇ, ಕೈಯಾಗ?"

"ಐತ್ರೀ ದೊಡ್ಡವ್ವ."

"ನನಗ ಗೊತ್ತಾಗವಲ್ದು."

ಆಮೇಲೆ ಅವರು ಬದುಕಿದ್ದಷ್ಟು ವರ್ಷ ದಿನಾ ಮುಂಜಾನೆ ಓಣಿಯ ಆಚೆಯಿಂದ ಆ ಪ್ರಶ್ನೆ ಬರುತ್ತಿತ್ತು. "ಐತೇನು?" ನಾನು ಕಿಟಕಿಯಿಂದ ನೋಡಿ "ಐತ್ರೀ" ಎನ್ನುತ್ತಿದ್ದೆ. ಬೈಗುಳ ನಿಂತಿತ್ತು. ಹೊಟ್ಟೆ ಕುಣಿಸುವ ಆ ನಗುವೂ ನಿಂತಿತ್ತು. ತವರಿಗೆ ಹೋದಾಗಲೂ ಆ ಹೊತ್ತಿಗೆ ನನಗೆ ಎಚ್ಚರವಾಗಿಬಿಡುತ್ತಿತ್ತು. ಈಗ ಅಲ್ಲಿ ಯಾರು ಉತ್ತರ ಕೊಡುತ್ತಾರೆ ಎಂದುಕೊಳ್ಳುತ್ತಾ ಎದ್ದು ಕೂರುತ್ತಿದ್ದೆ.

ಅವರು ತೀರಿಕೊಂಡಾಗ ಕುಣಿಯಲ್ಲಿ ಕೂಡಿಸಿ, ಅಯ್ಯನವರು ಎಡ ಅಂಗೈ ಚಾಚಿಸಿ ಲಿಂಗ ಇಟ್ಟರು. ಜಾರಲಿಲ್ಲ. ಸುತ್ತ ವಿಭೂತಿ ತುಂಬಿದರು. ಹಸಿ ಮಣ್ಣಿಗೆ ತಾಗಿ ಅದೇ ವಾಸನೆ ಎದ್ದಿತು. ಮಣ್ಣು ಹಾಕಲು ಎಲ್ಲರೂ ಹಿಡಿ ತುಂಬಿಕೊಂಡರು. ಆಗ ನನಗೆ ಆ ಪ್ರಶ್ನೆ ಕೇಳಿಸಿತು, ಆಣೆ ಮಾಡಿ ಹೇಳುತ್ತೇನೆ, ಕೇಳಿಸಿತು. ಉತ್ತರ ಕೊಡಲು ಬಾಯಿ ತೆರೆದೆ. ಅಷ್ಟರಲ್ಲಿ ಮಣ್ಣು ಬಿದ್ದಿತು.

ಎದುರುಮನೆ ಈಗ ಗೊಬ್ಬರದ ಅಂಗಡಿ. ನಾನು ಪೂಜೆಗೆ ಕೂರುವ ಹೊತ್ತಿಗೇ ಅದರ ಷಟರ್ ಏಳುತ್ತದೆ. ಲಿಂಗಸುಗೂರಿನಿಂದ ಬಂದ ಮರುದಿನ ನನ್ನ ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡೆ. ತಣ್ಣಗೆ ತಾಗಿತು, ಭಾರ ಗೊತ್ತಾಯಿತು. ಅದಕ್ಕೇ ಅಳು ಬಂತು. ಕಣ್ಣು ಮುಚ್ಚಿದರೆ ಅವರ ದನಿ.

"ಐತ್ರೀ ದೊಡ್ಡವ್ವ, ಐತಿ" ಎನ್ನುತ್ತೇನೆ, ದಿನಾ. ಮರುದಿನ ಮತ್ತೆ ಕೇಳುತ್ತಾರೆ.